ಶನಿವಾರದ ಮಸಾಲೆ

ಮುಲುಂಡ್
8 ಜೂನ್ 2025

ಕಾಂತಪ್ಪಣ್ಣನಿಗೆ,

ಇವತ್ತು ನಿಮ್ಮ ಹೋಟೆಲಿನಲ್ಲಿ ಊಟ ಮಾಡಿ ಹೋಗು ಅಂತ ನೀವು ಹೇಳಿದ್ದಕ್ಕೆ ನಾನು ಕೂತದ್ದಲ್ಲ, ಅದನ್ನು ಮೊದಲು ತಿಳ್ಕೊಳ್ಳಿ. ಗಿರಾಕಿಗಳ ಎದುರು ಕೌಂಟರಿನಿಂದಲೇ "ಮಗಾ, ಹಸಿದಿದ್ದಿ ಅಂತ ಕಾಣ್ತದೆ, ಜಗಳ ಆಮೇಲೆ ಮಾಡುವ" ಅಂದ್ರೆ ನಾನು ಎಂತ ಮಾಡ್ಬೇಕಿತ್ತು? ಬೊಬ್ಬೆ ಹೊಡೆದ್ರೆ ಹುಚ್ಚ, ಎದ್ದು ಹೋದ್ರೆ ಹೇಡಿ. ಹಾಗಾಗಿ ಕೂತೆ. ಅದಕ್ಕೆ ನೀವು ಗೆದ್ದ ಹಾಗೆ ನಗುವುದು ಬೇಡ.

ನಾನು ಕೇಳ್ಲಿಕ್ಕೆ ಬಂದದ್ದು ಒಂದೇ. ಶುಕ್ರವಾರ ಬಾಂದ್ರಾ ಕೋರ್ಟಿಗೆ ಯಾಕೆ ಬರ್ಲಿಲ್ಲ? ಮೊದಲ ಸಲ ನಿಮಗೆ ಬೆನ್ನು ನೋವು, ಆಮೇಲೆ ಊರಲ್ಲಿ ಯಾರದ್ದೋ ಉತ್ತರಕ್ರಿಯೆ, ಈಗ ನಿಮ್ಮ ವಕೀಲರಿಗೆ ಜ್ವರ. ನಿಶ್ಮಿತಾ ನಿಮ್ಮ ಮನೆ ಬಿಟ್ಟು ವಡಾಲದ ರಾಜೀವಿ ಚಿಕ್ಕಮ್ಮನ ಮನೆಗೆ ಬಂದು ಎರಡು ವರ್ಷ ಆಯ್ತು. ಇಬ್ಬರೂ ಒಪ್ಪಿಯೇ ಡೈವೋರ್ಸ್ ಅರ್ಜಿ ಹಾಕಿದ್ದು. ಹೋಟೆಲ್ ಹಿಡಿಯುವಾಗ ಡಿಪಾಸಿಟ್ಟಿಗೆ ಹೋದ ಅವಳ ಬಂಗಾರ ವಾಪಸ್ ಕೊಡ್ತೇನೆ ಅಂತ ಅದರಲ್ಲಿ ನೀವೇ ಸಹಿ ಹಾಕಿದ್ದೀರಿ. ಇನ್ನು ಒಂದು ಸಲ ಜಡ್ಜರ ಎದುರು ನಿಂತು ಹೌದು ಅಂತ ಹೇಳ್ಬೇಕು, ಅಷ್ಟೇ. ಅಷ್ಟಕ್ಕೆ ನಿಮ್ಮ ಗಂಟಲು ಯಾಕೆ ಕಟ್ತದೆ?

ನೀವು ಹೌದು ಅನ್ನುವವರೆಗೆ ನನಗೆ ಅವಳನ್ನು ಮದುವೆ ಆಗ್ಲಿಕ್ಕೆ ಆಗುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಯಾರಾದ್ರೂ ಪರಿಚಯದವರು ಸಿಕ್ಕಿದ್ರೆ ಅವಳು ನನ್ನಿಂದ ಸ್ವಲ್ಪ ದೂರ ನಿಲ್ತಾಳೆ. ಆ ದೂರ ನಿಮ್ಮದು.

ಫೋನ್ ರೆಕಾರ್ಡ್ ಮಾಡ್ತಾರೆ ಅಂತ ನೀವು ಎತ್ತುವುದಿಲ್ಲ, ಹಾಗಾಗಿ ಕಾಗದ. ತುಳುವಿನಲ್ಲಾದ್ರೆ ನಾಲ್ಕು ಮಾತಿನಲ್ಲಿ ಮುಗೀತಿತ್ತು. ಕನ್ನಡದಲ್ಲಿ ಬರೆಯುವಾಗ ಕೈಗೆ ತಾನಾಗಿ ಮರ್ಯಾದೆ ಬರ್ತದೆ, ಹತ್ತನೇ ಕ್ಲಾಸಿನವರೆಗೆ ಹಾಗೆ ಕಲಿಸಿದ್ದಾರೆ. ಸಾಯಬಣ್ಣನ ತರಕಾರಿ ಟೆಂಪೋ ನಿಮ್ಮ ಬೈಕುಲ್ಲಾದ ಹೋಟೆಲಿಗೂ ಬರ್ತದೆ, ನಾನು ಕೆಲಸ ಮಾಡುವ ಹೋಟೆಲಿಗೂ ಬರ್ತದೆ. ಉತ್ತರ ಅವನ ಕೈಲಿ ಕೊಡಿ.

ಮನೀಶ್


ಬೈಕುಲ್ಲಾ
14 ಜೂನ್ 2025

ತಮ್ಮ ಮನೀಶನಿಗೆ ಆಶೀರ್ವಾದಗಳು.

ಕಾಗದ ಸಿಕ್ಕಿತು. ಕೊತ್ತಂಬರಿ ಸೊಪ್ಪಿನ ನೀರು ತಾಗಿ ಒಂದು ಬದಿ ಅಳಿಸಿ ಹೋಗಿದೆ. ಬೈಗುಳದ ಬದಿಯೇ ಇರಬೇಕು, ಉಳಿದದ್ದರಲ್ಲಿ ಹೆಚ್ಚು ಸಿಗಲಿಲ್ಲ.

ಊಟಕ್ಕೆ ಕೂತದ್ದಲ್ಲ ಅಂತ ಬರೆದಿದ್ದಿ. ಸರಿ ಮಾರಾಯ. ಆದರೆ ಕೋಳಿ ಗಸಿ ಎರಡನೇ ಸಲ ಹಾಕಿಸಿಕೊಂಡದ್ದು ಯಾರು? ನಾನು ನೋಡುತ್ತಾ ಇದ್ದೆ. ಮೊದಲ ತುತ್ತಿಗೇ ನಿನ್ನ ಕೈ ನಿಂತಿತು. ಈ ರುಚಿ ಎಲ್ಲಿಯೋ ತಿಂದ ಹಾಗೆ ಉಂಟಲ್ಲ ಅಂತ ಅನಿಸಿತು, ಅಲ್ವಾ? ವಡಾಲದಲ್ಲಿ ತಿಂದಿರುತ್ತಿ.

ಅವಳದೇ ಮಸಾಲೆ. ಶನಿವಾರ ಬರುತ್ತಾಳೆ. ಆ ದಿನ ನನ್ನ ಗಿರಾಕಿಗಳಲ್ಲಿ ಅರ್ಧ ಜನ ಕೋಳಿ ಮುಟ್ಟುವುದಿಲ್ಲ, ಅಡುಗೆಮನೆ ಖಾಲಿ ಇರುತ್ತದೆ. ಇಡೀ ವಾರಕ್ಕೆ ಆಗುವಷ್ಟು ಹುರಿದು ಇಟ್ಟು ಹೋಗುತ್ತಾಳೆ. ಮನೆ ಬಿಟ್ಟ ಮೇಲೂ ಒಂದು ಶನಿವಾರ ತಪ್ಪಿಸಿದ್ದಿಲ್ಲ. ನಿನಗೆ ಹೇಳಿಲ್ವಾ? ಹೇಳಿರುತ್ತಾಳೆ ಅಂತ ಮಾಡಿದ್ದೆ.

ಹಾಗಿರುವಾಗ ನನ್ನನ್ನು ಕೋರ್ಟಿಗೆ ಓಡಿಸುವ ಅವಸರ ಅವಳಿಗೋ, ನಿನಗೋ? ಮೊದಲು ಅದನ್ನು ವಿಚಾರಿಸು.

ಕಾಂ.


ಮುಲುಂಡ್
17 ಜೂನ್ 2025

ಕಾಂತಪ್ಪಣ್ಣ,

ನೀವು ಹೇಳಿದ್ದು ಸುಳ್ಳು ಅಂತ ಬರೆಯಲಿಕ್ಕೆ ಕೂತೆ. ಅದಕ್ಕಿಂತ ಮೊದಲು ಅವಳ ಹತ್ರ ಕೇಳಿದೆ, ನಿಮ್ಮ ಹೆಸರು ಎತ್ತಲಿಲ್ಲ.

"ಶನಿವಾರ ಎಲ್ಲಿಗೆ ಹೋಗ್ತಿ?"

"ಮಾಟುಂಗದ ಹೊಲಿಗೆ ಕ್ಲಾಸಿಗೆ. ಹೇಳಿದ್ದೆನಲ್ಲ."

"ಹೊಲಿಗೆ ಕ್ಲಾಸಿನಿಂದ ಬಂದವಳ ಕೂದಲಲ್ಲಿ ಮೆಣಸು ಹುರಿದ ಘಾಟು ಯಾಕೆ?"

"ಕೆಳಗೆ ಫರ್ಸಾಣ ಕರಿಯುವ ಅಂಗಡಿ ಉಂಟು. ನೀನು ಎಂತ, ಪೊಲೀಸಾ?"

ಅವಳು ಸುಳ್ಳು ಹೇಳುವಾಗ ನನ್ನ ಮುಖವನ್ನೇ ನೋಡಿ ಹೇಳ್ತಾಳೆ ಅಂತ ಆವತ್ತು ಗೊತ್ತಾಯ್ತು. ಸತ್ಯ ಹೇಳುವಾಗ ಆಚೆ ಈಚೆ ನೋಡ್ತಾಳೆ. ನಿಮಗೆ ಇದು ಮೊದಲೇ ಗೊತ್ತಿರ್ತದೆ. ನನಗೆ ಹೊಸದಾಗಿ ಗೊತ್ತಾಗುವುದೆಲ್ಲ ನಿಮಗೆ ಹಳೆಯದು.

ನಿನ್ನೆ ನಾಲ್ಕನೇ ಟೇಬಲಿನವರು ಉತ್ತಪ್ಪ ಅಂದ್ರು, ನಾನು ಚೀಟಿಯಲ್ಲಿ ಕೋಳಿ ಗಸಿ ಅಂತ ಬರೆದೆ. ನಮ್ಮದು ಶುದ್ಧ ವೆಜ್. ಹೋಟೆಲಿನ ಧನಿ ಚೀಟಿ ಹಿಡ್ಕೊಂಡು, "ಏನು ಮನೀಶ, ಧರ್ಮ ಬದಲಾಯಿಸಿದೆಯಾ?" ಅಂತ ಎಲ್ಲರ ಎದುರು ಕೇಳಿದ್ರು.

ಅವಳು ಅಲ್ಲಿಗೆ ಬಂದಾಗ ಯಾವ ಬಟ್ಟೆಯಲ್ಲಿ ಇರ್ತಾಳೆ? ಚಹಾ ಯಾರು ಕೊಡ್ತಾರೆ? ಊಟ ಅಲ್ಲಿಯೇ ಮಾಡ್ತಾಳಾ? ನೀವು ಆಗ ಅಡುಗೆಮನೆಗೆ ಹೋಗ್ತೀರಾ? ನಗ್ತಾಳಾ? ಇದನ್ನೆಲ್ಲ ಕೇಳ್ಬಾರ್ದು ಅಂತ ಗೊತ್ತುಂಟು. ಒಂದು ಸಲ ಬರೆದು ಹೊಡೆದು ಹಾಕಿದೆ, ಪುನಃ ಬರೆದೆ.

ಮನೀಶ್


ಬೈಕುಲ್ಲಾ
22 ಜೂನ್ 2025

ತಮ್ಮಾ,

ಹಸಿರು ಚೂಡಿದಾರ. ಶುಂಠಿ ಹೆಚ್ಚು, ಸಕ್ಕರೆ ಕಡಿಮೆ ಹಾಕಿದ ಚಹಾ, ನಾನೇ ಹೇಳಿ ಕಳಿಸುತ್ತೇನೆ. ಊಟಕ್ಕೆ ಇಲ್ಲಿ ಏನು ಕೊರತೆ? ನಗುವ ವಿಷಯ ನೀನೇ ಕೇಳಿಕೋ, ಗಂಡ ಹೆಂಡತಿ ನಡುವಿನದ್ದನ್ನು ನಾನು ಹೇಗೆ ಬರೆಯಲಿ. ಕಾಗದದ ಮೇಲೆ ಇನ್ನೂ ಗಂಡನೇ ಅಲ್ವಾ ನಾನು?

ಕೋರ್ಟಿಗೆ ಯಾಕೆ ಬರುವುದಿಲ್ಲ ಅಂತ ಕೇಳಿದ್ದಿ. ನೀನು ಹೋಟೆಲಿನವ, ನಿನಗೆ ಅರ್ಥ ಆಗುತ್ತದೆ. ನಾನು ಹೌದು ಅಂದ ಮರುದಿನದಿಂದ ಅವಳು ಬರುವುದಿಲ್ಲ. ಬಂಗಾರವೂ ಹೋಯಿತು, ಮಸಾಲೆಯೂ ಹೋಯಿತು. ಆಮೇಲೆ ಇಲ್ಲಿ ಕೂತು ನಾನು ನೊಣ ಹೊಡೆಯುವುದಾ? ಮಸಾಲೆ ಹೇಗೆ ಮಾಡುವುದು ಅಂತ ಎಷ್ಟು ಕೇಳಿದರೂ ಹೇಳುವುದಿಲ್ಲ. ಅವಳು ಹುರಿಯುವಾಗ ಒಲೆಯ ಹತ್ತಿರ ಯಾರನ್ನೂ ನಿಲ್ಲಲು ಬಿಡುವುದಿಲ್ಲ, ಭಟ್ಟಿಯ ಅಡುಗೆಯವನನ್ನೂ ಹೊರಗೆ ಹಾಕುತ್ತಾಳೆ.

ನೀನು ಹತ್ತಿರದವ. ನೋಡಿ ಬರೆದು ಕಳಿಸು. ನಾನು ಕೋರ್ಟಿಗೆ ಬರುತ್ತೇನೆ, ಶನಿವಾರ ಅವಳು ಇಲ್ಲಿಗೆ ಬರುವುದು ಬೇಡ ಅಂತಲೂ ಹೇಳುತ್ತೇನೆ. ನಿನಗೆ ಬೇಕಾದದ್ದೂ ಅದೇ.

ಕಾಂ.


ಮುಲುಂಡ್
14 ಜುಲೈ 2025

ಕಾಂತಪ್ಪಣ್ಣ,

ಉತ್ತರ ಬರೆಯುವುದೇ ಇಲ್ಲ ಅಂತ ಮಾಡಿದ್ದೆ. ಸಾಯಬಣ್ಣ ಬಂದಾಗಲೆಲ್ಲ "ಏನ್ರೀ ಮನೀಶ, ಇವತ್ತ ಬರೇ ಬದನಿಕಾಯಿ ಅಷ್ಟನ? ಕಾಗದ ಇಲ್ಲೇನು?" ಅಂತ ಕೆಣಕುತ್ತಿದ್ದ. ಅವನಿಗೆ ಒಂದು ದಿನ ಬೈದೆ ಕೂಡ.

ಈ ಶನಿವಾರ ರಜೆ ಹಾಕಿ ಬೈಕುಲ್ಲಾಕ್ಕೆ ಬಂದೆ. ನಿಮಗೆ ಕಾಣದ ಹಾಗೆ ಎದುರಿನ ಗ್ಯಾರೇಜಿನ ಹತ್ರ ನಿಂತಿದ್ದೆ. ಅವಳು ಸಂಜೆ ಹಿಂದಿನ ಗಲ್ಲಿಯಿಂದ ಹೊರಗೆ ಬಂದಳು. ಹಸಿರು ಚೂಡಿದಾರವೇ. ಮುಖ ಇಡೀ ಬೆವರು, ಕೆನ್ನೆಗೆ ಮೆಣಸಿನ ಹುಡಿ ತಾಗಿದೆ, ತನ್ನಷ್ಟಕ್ಕೆ ಎಂತದ್ದೋ ಗುನುಗ್ತಾ ಬರ್ತಿದ್ದಾಳೆ. ನನ್ನ ಹತ್ರ ಬರುವಾಗ ಅವಳ ಮುಖ ಹಾಗೆ ಇರುವುದಿಲ್ಲ. ದಣಿದಿರ್ತಾಳೆ, ಕೋರ್ಟಿನ ತಾರೀಕು ಲೆಕ್ಕ ಹಾಕ್ತಾ ಇರ್ತಾಳೆ. ಖುಷಿಯನ್ನೆಲ್ಲ ನಿಮ್ಮ ಅಡುಗೆಮನೆಯಲ್ಲಿ ಇಟ್ಟು ನನಗೆ ಉಳಿದದ್ದು ತರ್ತಾಳಾ?

ನಿನ್ನೆ ವಡಾಲಕ್ಕೆ ಹೋಗಿ ಗಸಿ ಮಾಡು ಅಂದೆ. ಒಲೆಯ ಹತ್ರವೇ ನಿಂತೆ.

"ಏನು, ಇವತ್ತು ಅಡುಗೆಮನೆಯಲ್ಲಿ ಮುಹೂರ್ತವಾ?" ಅಂದಳು.

"ಮದುವೆ ಆದ ಮೇಲೆ ನಾನೂ ಮಾಡ್ಬೇಡ್ವಾ?"

"ಹಾಗಾದ್ರೆ ಸರಿಯಾಗಿ ನೋಡು, ಆಮೇಲೆ ಕೇಳ್ಬೇಡ" ಅಂತ ಹೇಳಿ ನನ್ನ ಕೈಗೇ ಸೌಟು ಕೊಟ್ಟಳು.

ಯಾರನ್ನೂ ನಿಲ್ಲಲು ಬಿಡುವುದಿಲ್ಲ ಅಂತ ನೀವು ಬರೆದಿದ್ದಿರಿ. ನನ್ನನ್ನು ಬಿಟ್ಟಳು. ಅದು ನಿಮಗೆ ಗೊತ್ತಿರಲಿ ಅಂತಲೇ ಈ ಕಾಗದ ಬರೆಯುವುದು.

ಕೊತ್ತಂಬರಿ ಬೀಜ ಮೊದಲು, ಎಣ್ಣೆ ಇಲ್ಲದೆ, ಒಂದು ಬೀಜ ಹಲ್ಲಿಗೆ ಹಾಕಿದ್ರೆ ಪುಡಿ ಆಗುವವರೆಗೆ. ಅದನ್ನು ತೆಗೆದು ಜೀರಿಗೆ, ಕರಿಮೆಣಸು. ಬ್ಯಾಡಗಿ ಮೆಣಸನ್ನು ಬಿಸಿಲಿಗೆ ಇಟ್ಟು ಒಣಗಿಸಿರ್ಬೇಕು, ತೆಂಗಿನೆಣ್ಣೆ ಸವರಿ ಸಣ್ಣ ಬೆಂಕಿಯಲ್ಲಿ. ಮೆಣಸು ಬಿಸಿ ಇರುವಾಗಲೇ ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಹಾಕಿ ಕೈಯಲ್ಲಿ ತಿಕ್ಕುವುದು, ಕೈ ಸುಡ್ತದೆ, ತಿಕ್ಕಲೇಬೇಕು. ಮೆಂತೆಯನ್ನು ಬೆಂಕಿ ಆರಿಸಿದ ಮೇಲೆ ಬಾಣಲೆಯ ಬಿಸಿಯಲ್ಲಿ ಮಾತ್ರ. ತೆಂಗಿನಕಾಯಿ ಇದರೊಟ್ಟಿಗೆ ಹುರಿಯಬಾರದು, ಗಸಿ ಮಾಡುವ ದಿನ ಬೇರೆಯೇ ಹುರಿಯುವುದು.

18ಕ್ಕೆ ಕೋರ್ಟು. ಬನ್ನಿ. ಆಮೇಲೆ ಅವಳು ನಿಮ್ಮ ಹೋಟೆಲಿನ ಮೆಟ್ಟಲು ಹತ್ತಬಾರದು.

ಮನೀಶ್


ಬೈಕುಲ್ಲಾ
20 ಜುಲೈ 2025

ತಮ್ಮಾ,

ಮಾತು ಕೊಟ್ಟ ಹಾಗೆ ಕೋರ್ಟಿಗೆ ಹೋದೆ. ಡೈವೋರ್ಸಿಗೆ ಒಪ್ಪಿಗೆ ಉಂಟು ಅಂತ ಹೇಳಿದೆ. ಬಂಗಾರದ ಮಾತನ್ನು ಅರ್ಜಿಯಿಂದ ತೆಗೆದರೆ ಅಲ್ಲಿಯೇ ಸಹಿ ಹಾಕುವವನಿದ್ದೆ. ಅವಳು ತೆಗೆಯುವುದಿಲ್ಲ ಅಂದಳು. ಜಡ್ಜರು ಇಬ್ಬರನ್ನೂ ಕೋರ್ಟಿನ ಸಮಾಲೋಚಕಿ ಮೇಡಂ ಹತ್ತಿರ ಕಳಿಸಿದ್ದಾರೆ.

ನೀನು ಸಿಟ್ಟು ಮಾಡಬೇಡ. ನಿನ್ನ ಕೊನೆಯ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ಬಂಗಾರದ ವಿಷಯ ಇರಲಿಲ್ಲ.

ನಾಳೆಯಿಂದ ಬರುವುದು ಬೇಡ ಅಂತ ವೆರಾಂಡದಲ್ಲಿ ಅವಳಿಗೆ ಹೇಳಿದೆ. ಹಾಗಾದರೆ ಹುರಿಯುವವರು ಯಾರು ಅಂತ ಕೇಳಿದಳು. ಕೇಳಿದ ಮೇಲೆ ನೀನು ಬರೆದು ಕಳಿಸಿದ್ದನ್ನು ಹೇಳಬೇಕಾಯಿತು. ನಿನ್ನೆ ಹುಡುಗರೇ ಹುರಿದರು, ಇವತ್ತು ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗುರುವಾರ ಗಟಾರಿ, ಶ್ರಾವಣ ಹಿಡಿಯುವ ಮೊದಲು ಇಡೀ ಮುಂಬಯಿ ಕೋಳಿ ತಿನ್ನುವ ದಿನ. ಇನ್ನು ನನಗೆ ಹೆದರಿಕೆ ಇಲ್ಲ.

ಕಾಂ.


ಮುಲುಂಡ್
27 ಜುಲೈ 2025

ಕಾಂತಪ್ಪಣ್ಣ,

ವಡಾಲದಲ್ಲಿ ರಾಜೀವಿ ಚಿಕ್ಕಮ್ಮ ಬಾಗಿಲು ತೆಗೆದ್ರು, ಹೊರಗಿನ ಕಬ್ಬಿಣದ ಜಾಲಿ ಬಾಗಿಲು ತೆಗೆಯಲಿಲ್ಲ. "ಚಪ್ಪಲಿ ಬಿಡುವುದು ಬೇಡ ಮಗಾ, ಹೇಗೂ ಹೋಗುವವ" ಅಂದ್ರು. ನಿಶ್ಮಿತಾ ಜಾಲಿಯ ಆಚೆ ನಿಂತು ಮಾತಾಡಿದಳು. ಬೈಯಲಿಲ್ಲ. ಬೈದಿದ್ರೆ ನನಗೆ ಉತ್ತರ ಕೊಡ್ಲಿಕ್ಕೆ ಬರ್ತಿತ್ತು.

"ಗಟಾರಿಯ ಮೊದಲಿನ ಶನಿವಾರ ಹೋಗಿ ಒಲೆ ಹಚ್ಚುವುದಿಲ್ಲ ಅಂತ ಕೂರುವವಳಿದ್ದೆ. ಬಂಗಾರ ತಂದು ಇಡಿ, ಆಮೇಲೆ ಬೆಂಕಿ ಅಂತ. ಅದಕ್ಕೇ ಇಷ್ಟು ದಿನ ಹೋಗ್ತಾ ಇದ್ದದ್ದು."

"ನನಗೆ ಒಂದು ಮಾತು ಹೇಳಿದ್ರೆ?"

"ಹೇಳಿದ್ರೆ ನೀನು ಉರೀತಿದ್ದಿ. ಹೇಳದೆಯೂ ಉರಿದೆ."

"ಅವರು ಬರೆದದ್ದನ್ನು ಓದಿ ನನಗೆ..."

"ಅವರು ಬರೆದದ್ದು ನಂಬಿದೆ. ಸೌಟು ನಿನ್ನ ಕೈಗೆ ಕೊಟ್ಟದ್ದು ನಾನು. ಅದು ಕಾಣ್ಲಿಲ್ಲ ನಿನಗೆ. ಅವರದ್ದು ಬಿಡು, ಅವರು ವ್ಯಾಪಾರದವರು. ನೀನು ಯಾವಾಗ ವ್ಯಾಪಾರಕ್ಕೆ ಇಳಿದೆ?"

ಅಷ್ಟು ಹೇಳಿ ಒಳಗೆ ಹೋದಳು. ಈಗ ನನ್ನ ಫೋನೂ ಎತ್ತುವುದಿಲ್ಲ. ನಿಮ್ಮದೂ ನನ್ನದೂ ಒಂದೇ ಲೆಕ್ಕಕ್ಕೆ ಬಂತು.

ಸಾಯಬಣ್ಣನನ್ನು ಟೆಂಪೋದಿಂದ ಇಳಿಸಿ ಕೇಳಿದೆ, ಶನಿವಾರ ನಿಮ್ಮಲ್ಲಿಗೆ ಸೊಪ್ಪು ಹಾಕಲಿಕ್ಕೆ ಅವನೇ ಬರ್ತಾನಲ್ಲ. "ಆಕಿ ಹಿಂದಿನ ಬಾಗಲಿಂದ ಬರ್ತಾಳ್ರೀ, ಹುರದಿಟ್ಟು ಹಿಂದಿನ ಬಾಗಲಿಂದನ ಹೊಕ್ಕಾಳ. ಸೇಟ್ ಚಹಾ ಕಳಸ್ತಾನ, ಹಂಗ ತಣ್ಣಗಾಗಿ ವಾಪಸ್ ಬರ್ತೈತಿ. ಊಟದ ಡಬ್ಬಿ ಮನಿಯಿಂದ ತರ್ತಾಳ. ಇಬ್ಬರ ನಡಕ ಒಂದ್ ಮಾತ್ ಕೇಳಿಲ್ಲ ನಾ" ಅಂದ. ಇದನ್ನು ಕೋರ್ಟಿನಲ್ಲಿ ಹೇಳ್ತಿಯಾ ಅಂದೆ. "ನನ್ನ ಹೊಟ್ಟಿ ಮ್ಯಾಲ ಕಲ್ಲ್ ಹಾಕಬ್ಯಾಡೋ ತಮ್ಮಾ, ಆತ ನನ್ನ ದೊಡ್ಡ ಗಿರಾಕಿ" ಅಂತ ಗಾಡಿ ಸ್ಟಾರ್ಟ್ ಮಾಡಿದ.

ಮರ್ಯಾದೆಯಲ್ಲಿ ಕೇಳ್ತೇನೆ. ನಿಮ್ಮ ಗಟಾರಿ ಚೆನ್ನಾಗಿ ಹೋಯ್ತಂತೆ, ರೋಡಿನವರೆಗೆ ಲೈನ್ ಇತ್ತಂತೆ. ಅವಳ ಬಂಗಾರ ಅವಳಿಗೆ ಕೊಡಿ.

ಮನೀಶ್


ಬೈಕುಲ್ಲಾ
3 ಆಗಸ್ಟ್ 2025

ಮನೀಶ,

ಚಹಾದ ವಿಷಯ ಸಾಯಬಣ್ಣ ಹೇಳಿದ್ದು ಹೌದು. ಪ್ರತಿ ಶನಿವಾರ ಕಳಿಸಿದೆ, ಪ್ರತಿ ಶನಿವಾರ ವಾಪಸ್ ಬಂತು. ನಿನಗೆ ಬೇರೆ ಬರೆದೆ. ಯಾವ ಬಟ್ಟೆ, ನಗುತ್ತಾಳಾ ಅಂತ ನೀನು ಕೇಳಿದಾಗ ನನಗೆ ತಲೆ ಕೆಟ್ಟಿತು. ಆರು ವರ್ಷ ಒಟ್ಟಿಗೆ ಇದ್ದವ ನಾನು. ಅವಳು ನಿನ್ನ ಹತ್ತಿರ ಹೇಗೆ ಮಾತಾಡುತ್ತಾಳೆ ಅಂತ ನನಗೂ ಕೇಳಬೇಕು ಅಂತ ಇತ್ತು. ಕೇಳಲಿಲ್ಲ. ಅದನ್ನು ಬಿಡು.

8ನೇ ತಾರೀಕು ಸಮಾಲೋಚಕಿ ಮೇಡಂ ಕರೆದಿದ್ದಾರೆ. ಈ ಹೆಂಗಸು ನಿಮ್ಮ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದದ್ದು ಹೌದಾ ಅಂತ ಕೇಳುತ್ತಾರಂತೆ. ಮನೆ ಬಿಟ್ಟ ಮೇಲೆ ಅವಳು ಅಲ್ಲಿ ಕಾಲಿಟ್ಟಿಲ್ಲ, ಹೋಟೆಲಿನಲ್ಲಿ ಅವಳದ್ದು ಅಂತ ಏನೂ ಇಲ್ಲ ಅಂತ ಹೇಳಲು ನನ್ನ ವಕೀಲರು ಕಲಿಸಿದ್ದಾರೆ. ಮನೆಗೆ ವಾಪಸ್ ಬರುವುದಾದರೆ ಬರಲಿ, ಇಟ್ಟುಕೊಳ್ಳುತ್ತೇನೆ ಅಂತಲೂ ಹೇಳುತ್ತೇನೆ. ಹಾಗೆ ಹೇಳಿದರೆ ಇನ್ನೂ ಕೆಲವು ತಾರೀಕು ಹೋಗುತ್ತದೆ. ಯಾರಿಗೆ ಗೊತ್ತು, ಬೇಸತ್ತು ಬಂದರೂ ಬಂದಾಳು. ನಿನ್ನ ಹತ್ತಿರ ಬರುವುದನ್ನಂತೂ ಅವಳು ಬಿಟ್ಟಳಲ್ಲ.

ನಿನಗೊಂದು ಮಾತು. ಭಾಂಡುಪಿನಲ್ಲಿ ಒಂದು ಹೋಟೆಲ್ ನಡೆಸಲಿಕ್ಕೆ ಸಿಗುತ್ತದೆ. ಕೌಂಟರಿನಲ್ಲಿ ಕೂರಲು ನನಗೆ ನಂಬಿಕೆಯ ಜನ ಬೇಕು. ಎಷ್ಟು ದಿನ ಉತ್ತಪ್ಪದ ಚೀಟಿ ಬರೆಯುತ್ತಿ? ಶುಕ್ರವಾರ ಬೆಳಿಗ್ಗೆಯೇ ಬಂದು ಕೆಲಸ ಹಿಡಿ. ಶುಕ್ರವಾರವೇ ಬಾ, ಬೇರೆ ದಿನ ಬೇಡ.

ಬಾರದೆ ಬೇರೆ ಎಲ್ಲಿಗಾದರೂ ಹೋಗುವ ಯೋಚನೆ ಇದ್ದರೆ, ನಿನ್ನ ಕಾಗದಗಳು ನನ್ನ ಹತ್ತಿರ ಉಂಟು. ಅವಳ ಬಟ್ಟೆ ಕೇಳಿದ್ದು, ಗ್ಯಾರೇಜಿನ ಹತ್ತಿರ ನಿಂತು ನೋಡಿದ್ದು. ಮಸಾಲೆಯ ವಿಷಯ ಮಾತ್ರ ಅವಳಿಗೆ ಗೊತ್ತು, ಇದು ಗೊತ್ತಿಲ್ಲ.

ಕಾಂ.


ಮುಲುಂಡ್
8 ಆಗಸ್ಟ್ 2025, ಶುಕ್ರವಾರ

ಕಾಂತಪ್ಪಣ್ಣ,

ಭಾಂಡುಪ್ ಮುಲುಂಡಿನಿಂದ ಎರಡೇ ಸ್ಟೇಷನ್. ಕೌಂಟರಿನ ಕುರ್ಚಿ ನನಗೆ ಬೇಡ ಅಂತ ಸುಳ್ಳು ಬರೆಯುವುದಿಲ್ಲ. ಆ ಕುರ್ಚಿಯಲ್ಲಿ ಕೂತು ಯಾರಿಗಾದ್ರೂ "ಊಟ ಮಾಡಿ ಹೋಗು" ಅಂತ ಹೇಳುವುದನ್ನು ಯೋಚನೆ ಮಾಡಿ ನೋಡಿದೆ. ಆಗ ನನ್ನ ಬಾಯಿಯಲ್ಲಿ ನಿಮ್ಮ ಸ್ವರ ಬಂತು.

ನಿಮ್ಮ ಕಾಗದಗಳು ನನ್ನ ಹತ್ರ ಇಲ್ಲ. ಓದಿ ಹೊಟ್ಟೆ ಉರಿದು ಆಗಲೇ ಹರಿದು ಹಾಕ್ತಿದ್ದೆ, ಕೊನೆಯದ್ದನ್ನೂ ಹಾಗೇ ಮಾಡಿದೆ. ಸಾಯಬಣ್ಣ ಬಾಯಿ ಬಿಡುವುದಿಲ್ಲ, ನಿಮ್ಮ ಹುಡುಗರು ನಿಮ್ಮ ಅನ್ನ ತಿನ್ನುವವರು. ಅವಳು ಶನಿವಾರ ಅಲ್ಲಿ ಬೆವರು ಸುರಿಸಿದ್ದನ್ನು ಕಂಡವ ಇನ್ನು ಉಳಿದದ್ದು ನಾನೊಬ್ಬ. ಕದ್ದು ನಿಂತು ಕಂಡದ್ದು. ಹೇಳುವಾಗ ಅದನ್ನೂ ಹೇಳ್ಬೇಕಾಗ್ತದೆ.

ನನ್ನ ಕಾಗದಗಳನ್ನು ತನ್ನಿ. ಒಂದನ್ನೂ ಬಿಡದೆ ತನ್ನಿ. ಅವಳಿಗೆ ಕೊಡಿ, ಮೇಡಂಗೆ ಕೊಡಿ, ಗಟ್ಟಿಯಾಗಿ ಓದಿಸಿ. ಅವಳ ಬಟ್ಟೆಯ ಬಣ್ಣ ಕೇಳಿದ ಸಾಲು ಬರುವಾಗ ನಾನು ಅಲ್ಲಿಯೇ ನಿಂತಿರ್ತೇನೆ. ಆದ್ರೆ ಅದನ್ನು ತೋರಿಸಿದ್ರೆ ಶನಿವಾರ ಅವಳು ಬರ್ತಿದ್ದದ್ದೂ ಅದರಲ್ಲೇ ಉಂಟು, ಮಸಾಲೆ ಅವಳದ್ದು ಅನ್ನುವುದೂ ಉಂಟು. ತೋರಿಸದಿದ್ರೆ ನಾನು ಬಾಯಿಯಲ್ಲಿ ಹೇಳ್ತೇನೆ. ಯಾವುದು ಒಳ್ಳೇದು ಅಂತ ನಿಮ್ಮ ವಕೀಲರ ಹತ್ರ ಕೇಳಿ, ಜ್ವರ ಬಿಟ್ಟಿದ್ರೆ.

ನೆಟ್ಟಗೆ ಹೇಳ್ತೇನೆ, ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ. ನಿನ್ನೆ ವಡಾಲಕ್ಕೆ ಫೋನ್ ಮಾಡಿ ನಾನು ಬರ್ತೇನೆ ಅಂದೆ. ಚಿಕ್ಕಮ್ಮ ಒಳಗೆ ಕೇಳಿ ಬಂದು, "ನಿನ್ನನ್ನು ಕರೆದದ್ದಿಲ್ಲ ಅಂತ ಹೇಳ್ಲಿಕ್ಕೆ ಹೇಳಿದಳು" ಅಂದ್ರು. ಅಲ್ಲಿ ಅವಳು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿರ್ತಾಳೆ. ಮನೆಗೆ ಬಾ ಅಂತ ನೀವು ಹೇಳ್ತೀರಿ. ಅವಳು ಎಂತ ಹೇಳ್ತಾಳೆ ಅಂತ ನಾನು ಕೇಳ್ಬೇಕು. ನೀವು ಯಾವ ಶರ್ಟ್ ಹಾಕ್ಕೊಂಡು ಬರ್ತೀರಿ, ಅದನ್ನು ಅವಳು ತೆಗೆದು ಕೊಟ್ಟದ್ದಾ ಅಂತ ಕೂಡ ಬೆಳಿಗ್ಗೆಯಿಂದ ತಲೆಯಲ್ಲಿ ತಿರುಗ್ತಾ ಉಂಟು. ಈ ರೋಗ ಇವತ್ತಿಗೆ ಬಿಡ್ತದೆ ಅಂತ ನನಗೆ ನಂಬಿಕೆ ಇಲ್ಲ. ಅವಳಿಗೆ ಬಂಗಾರ ಸಿಕ್ಕಿ, ಬಿಡುಗಡೆ ಸಿಕ್ಕಿ, ನಾಳೆ ಇನ್ನೊಬ್ಬನ ಕೈಗೆ ಸೌಟು ಕೊಟ್ರೆ ಅವನ ಮೇಲೂ ಹೊಟ್ಟೆ ಉರೀತದೆ. ಉರೀಲಿ. ಅವಳದ್ದು ಅವಳಿಗೆ ಬರ್ಲಿ.

ಈ ಕಾಗದ ಟೆಂಪೋದಲ್ಲಿ ಬರುವುದಿಲ್ಲ. ನಾನೇ ತರ್ತೇನೆ, ಮೇಡಂ ರೂಮಿನ ಹೊರಗೆ ನಿಮ್ಮ ಕೈಗೆ ಕೊಡ್ತೇನೆ. ಧನಿಗೆ ರಜೆ ಹೇಳಿ ಆಯ್ತು. ರೂಮಿನ ಉಳಿದವರು ಡ್ಯೂಟಿಗೆ ಹೋದ್ರು. ಕುರ್ಲಾದಲ್ಲಿ ಇಳಿದು ರಿಕ್ಷಾ ಹಿಡಿಯಬೇಕು, ತಡ ಆದ್ರೆ ಒಳಗೆ ಬಿಡುವುದಿಲ್ಲ. ಚಪ್ಪಲಿ ಹಾಕಿ ನಿಂತ್ಕೊಂಡೇ ಬರೀತಾ ಇದ್ದೇನೆ, ಅಕ್ಷರ ಓರೆ ಆದ್ರೆ ಅದಕ್ಕೇ.

ಹೊರಗೆ ಬಂದೆ. ಬಾಗಿಲು ಎಳೆದು ಹಾಕಿದೆ.